ವಿಷ ಬೆರೆಸಿದವನಿಗೆ ದಂಡನೆ, ವ್ಯಸನಿಗೆ ತೆರೆದ ಬಾಗಿಲು

ಕರ್ನಾಟಕದಲ್ಲಿ ಆಗಸ್ಟ್ 1 ‘ವ್ಯಸನಮುಕ್ತ ದಿನ’. ಅದು ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿಯವರ ಜನ್ಮದಿನ. 1970ರ ದಶಕದಿಂದ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಕಾಳುಕಡಿಯನ್ನು ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿರಿ ಎಂದು ಬೇಡಿದರು. ‘ಮಹಾಂತ ಜೋಳಿಗೆ’ ಎಂದು ನಾಡಿಗೆಲ್ಲ ಪರಿಚಿತವಾದ ಆ ಜೋಳಿಗೆ ಯಾರನ್ನೂ ಜಾತಿ ಕೇಳಲಿಲ್ಲ, ಕುಡುಕನೆಂದು ಹೀಯಾಳಿಸಲಿಲ್ಲ. 2018ರಲ್ಲಿ ಸ್ವಾಮೀಜಿ ಲಿಂಗೈಕ್ಯರಾದರು. ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಮುಸ್ಲಿಮ್ ಕುಟುಂಬಗಳೂ ಈ ಹೆಸರನ್ನು ಗೌರವದಿಂದಲೇ ನೆನೆಯುತ್ತವೆ.

ಇಂದು ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಧ್ವನಿ ಬೇರೆ. ಸಾರಾಯಿಯ ಜಾಗಕ್ಕೆ ಗಾಂಜಾ, ನೋವಿನ ಮಾತ್ರೆ, ಕೆಮ್ಮಿನ ಔಷಧಿ, ಹೆಸರೇ ತಿಳಿಯದ ಪುಡಿಗಳು ಬಂದಿವೆ. ಅವುಗಳಲ್ಲಿ ಏನು ಬೆರೆತಿದೆ ಎಂಬುದು ಕೊಳ್ಳುವವನಿಗೂ ಗೊತ್ತಿಲ್ಲ, ಎಷ್ಟೋ ವೇಳೆ ಮಾರುವ ಹುಡುಗನಿಗೂ ಗೊತ್ತಿಲ್ಲ. ‘ಇಂಥವರನ್ನು ಗಲ್ಲಿಗೇರಿಸಬೇಕು’ ಎಂಬ ಮಾತು ಜುಮಾ ನಮಾಝ್ ಮುಗಿದು ಹೊರಬರುವ ಹಿರಿಯರ ಬಾಯಲ್ಲೂ, ಮಕ್ಕಳನ್ನು ಮದ್ರಸಾಕ್ಕೆ ಬಿಡಲು ಬರುವ ತಾಯಂದಿರ ಬಾಯಲ್ಲೂ ಇದೆ. ಮಕ್ಕಳ ಜೀವದ ಪ್ರಶ್ನೆ ಎದುರಾದಾಗ ಆ ಕೋಪ ಸಹಜ. ಆದರೆ ಕೋಪವು ಶಿಕ್ಷೆಯನ್ನು ಬೇಡಬಲ್ಲದೇ ಹೊರತು ಅದರ ತೂಕವನ್ನು ಅಳೆಯಲಾರದು. ಅದಕ್ಕೆ ಇತಿಹಾಸದ ನೆರವು ಬೇಕು. ಮಾದಕದಲ್ಲಿ ವಿಷ ಬೆರೆಸಿ ಮಾರುವವನ ಶಿಕ್ಷೆಯನ್ನು ಹಿಂದಿನವರು ಯಾವಾಗ, ಏಕೆ ಹೆಚ್ಚಿಸಿದರು, ಹೆಚ್ಚಿಸಿದ ಮೇಲೆ ಏನಾಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ಮದೀನಾದ ಮೊದಲ ಪಾಠ

ಮದ್ಯವನ್ನು ಇಸ್ಲಾಮ್ ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಅದರಲ್ಲಿ ಲಾಭಕ್ಕಿಂತ ಪಾಪವೇ ದೊಡ್ಡದೆಂದು ಪವಿತ್ರ ಕುರ್‌ಆನ್ ಮೊದಲು ತಿಳಿಸಿತು; ಅಮಲಿನಲ್ಲಿ ನಮಾಝಿಗೆ ಹತ್ತಿರವಾಗಬಾರದೆಂದು ಬಳಿಕ ಆಜ್ಞಾಪಿಸಿತು; ಕೊನೆಗೆ ಸೂರಃ ಅಲ್ ಮಾಇದಾದಲ್ಲಿ ಸಂಪೂರ್ಣ ನಿಷೇಧವನ್ನು ಸಾರಿತು. ಆ ಆಜ್ಞೆ ಬಂದ ದಿನ ಮದೀನಾದ ಬೀದಿಗಳಲ್ಲಿ ಮದ್ಯ ಹರಿದುಹೋಯಿತೆಂದು ಹಝ್ರತ್ ಅನಸ್(ರ) ನೆನಪಿಸಿಕೊಂಡಿದ್ದಾರೆ. ಮನಸ್ಸುಗಳು ಮೊದಲು ಸಿದ್ಧವಾಗಿದ್ದವು, ಆದ್ದರಿಂದ ಪಾತ್ರೆಗಳು ತಾವಾಗಿ ಬರಿದಾದವು.

ಆಮೇಲೂ ಕುಡಿದವರಿದ್ದರು. ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಅಂಥವರಿಗೆ ಖರ್ಜೂರದ ಗರಿಗಳಿಂದಲೂ ಪಾದರಕ್ಷೆಗಳಿಂದಲೂ ಸುಮಾರು ನಲವತ್ತು ಏಟು ಬೀಳುತ್ತಿತ್ತು. ಹಝ್ರತ್ ಅಬೂಬಕರ್(ರ) ನಲವತ್ತನ್ನೇ ಮುಂದುವರಿಸಿದರು. ಹಝ್ರತ್ ಉಮರ್(ರ)ರ ಕಾಲದಲ್ಲಿ ರಾಜ್ಯ ವಿಸ್ತರಿಸಿತು, ಸಂಪತ್ತು ಹೆಚ್ಚಿತು, ಅದರೊಂದಿಗೆ ಕುಡಿತವೂ ಹೆಚ್ಚಿತು. ಖಲೀಫರು ಸಹಾಬಿಗಳನ್ನು ಕರೆಸಿ ಸಮಾಲೋಚಿಸಿದರು. ಹುದೂದ್‌ಗಳಲ್ಲಿ ಅತ್ಯಂತ ಹಗುರವಾದುದರ ಮಟ್ಟಕ್ಕೆ ಇದನ್ನು ಏರಿಸಬಹುದೆಂದು ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಸಲಹೆಯಿತ್ತರು. ಎಂಭತ್ತು ಏಟು ನಿಗದಿಯಾಯಿತು. ಹನಫೀ ಮದ್‌ಹಬ್ ಎಂಭತ್ತನ್ನೇ ಒಪ್ಪಿದೆ; ಶಾಫಿಈ ಮದ್‌ಹಬ್ ನಲವತ್ತನ್ನು ಹದ್ದ್ ಎಂದೂ ಉಳಿದುದನ್ನು ಆಡಳಿತಗಾರನ ವಿವೇಚನೆಗೆ ಬಿಟ್ಟ ತಅಝೀರ್ ಎಂದೂ ಪರಿಗಣಿಸಿದೆ. ಕೇಡು ಹೆಚ್ಚಿದಾಗ ಶಿಕ್ಷೆಯನ್ನು ಹೆಚ್ಚಿಸಲು ಆಡಳಿತಕ್ಕೆ ಅವಕಾಶವುಂಟೆಂಬುದು ಇಲ್ಲಿಂದ ಸ್ಪಷ್ಟ. ಹೆಚ್ಚಿಸಿದ್ದು ಗುಂಪಿನ ಕೂಗಿನಿಂದಲ್ಲ, ಬಲ್ಲವರ ಸಮಾಲೋಚನೆಯಿಂದ ಎಂಬುದೂ ಅಷ್ಟೇ ಸ್ಪಷ್ಟ.

ಕುಡಿಯುವವನಿಗಿಂತ ಮಾರುವವನನ್ನು ಇಸ್ಲಾಮ್ ಬೇರೆಯಾಗಿ ನೋಡಿತೇ? ನೋಡಿತು. ಮದ್ಯಕ್ಕೆ ಸಂಬಂಧಿಸಿದ ಹತ್ತು ಮಂದಿಯ ಮೇಲೆ ಪ್ರವಾದಿ(ಸ)ರು ಶಾಪ ನುಡಿದ ಹದೀಸ್ ತಿರ್ಮಿದಿ ಮತ್ತು ಇಬ್ನು ಮಾಜಃ ಗ್ರಂಥಗಳಲ್ಲಿದೆ. ಹಿಂಡುವವನು, ಹಿಂಡಿಸುವವನು, ಹೊರುವವನು, ಹೊರಿಸಿಕೊಳ್ಳುವವನು, ಸುರಿದು ಕೊಡುವವನು, ಮಾರುವವನು, ಅದರ ಹಣವನ್ನು ಉಣ್ಣುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಗುವುದೋ ಅವನು, ಕುಡಿಯುವವನು. ಹತ್ತರಲ್ಲಿ ಕುಡಿಯುವವನು ಒಬ್ಬನೇ. ಉಳಿದವರಲ್ಲಿ ಬಹುಪಾಲು ಮಂದಿ ಒಂದು ಹನಿಯನ್ನೂ ಬಾಯಿಗೆ ಹಾಕದೆ ಲಾಭ ಎಣಿಸುವವರು.

ಇಮಾಮ್ ಅಬೂ ಉಬೈದ್‌ರು ‘ಕಿತಾಬುಲ್ ಅಮ್ವಾಲ್’ನಲ್ಲಿ ಒಂದು ಘಟನೆಯನ್ನು ದಾಖಲಿಸಿದ್ದಾರೆ. ಸಕೀಫ್ ಗೋತ್ರದ ರುವೈಶಿದ್ ಎಂಬವನು ಮನೆಯಲ್ಲೇ ಮದ್ಯ ಮಾರುತ್ತಿದ್ದ. ಹಝ್ರತ್ ಉಮರ್(ರ) ಆ ಮನೆಯನ್ನೇ ಸುಡಿಸಿದರು. ಸನ್ಮಾರ್ಗಿ ಎಂಬರ್ಥದ ಅವನ ಹೆಸರನ್ನೂ ಬದಲಿಸಿ, ನೀನು ರುವೈಶಿದ್ ಅಲ್ಲ ಫುವೈಸಿಕ್, ಅಂದರೆ ದುರ್ಮಾರ್ಗಿ, ಎಂದು ಕರೆದರು. ಕುಡಿದವನಿಗೆ ಏಟು, ಮಾರಿದವನಿಗೆ ಅಂಗಡಿಯೇ ಬೂದಿ. ವ್ಯಾಪಾರದ ಬುಡಕ್ಕೆ ಕೈಹಾಕದೆ ಗಿರಾಕಿಯನ್ನು ಮಾತ್ರ ಹೊಡೆಯುವುದು ನ್ಯಾಯವಾಗದೆಂದು ಖಲೀಫರು ಅರಿತಿದ್ದರು.

ಕಲಬೆರಕೆಯೇ, ಕೊಲೆಯೇ?

ಮದ್ಯ ಮಾರುವುದು ಒಂದು ಅಪರಾಧ. ಮಾರುವ ವಸ್ತುವಿನಲ್ಲಿ ಮತ್ತೊಂದನ್ನು ಗುಟ್ಟಾಗಿ ಬೆರೆಸುವುದು ಇನ್ನೊಂದು ಅಪರಾಧ. ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ಒದ್ದೆಯನ್ನು ಕಂಡ ಪ್ರವಾದಿ(ಸ)ರು, ವಂಚಿಸುವವನು ನಮ್ಮವನಲ್ಲವೆಂದು ಸಾರಿದ ಹದೀಸನ್ನು ನಮ್ಮ ಮಕ್ಕಳೂ ಬಲ್ಲರು. ಆ ಮಾತು ಮುಂದೆ ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬನ ಕೈಯಲ್ಲಿ ಕಾನೂನಾಯಿತು. 12ನೇ ಶತಮಾನದಲ್ಲಿ ಶಾಮ್ ದೇಶದ ಶೈಝರೀ ಎಂಬ ವಿದ್ವಾಂಸರು ಮುಹ್ತಸಿಬರಿಗಾಗಿ ಕೈಪಿಡಿಯೊಂದನ್ನು ಬರೆದರು. ಔಷಧ ವ್ಯಾಪಾರಿಗಳ ಮೋಸಗಳನ್ನು ವಿವರಿಸುವಲ್ಲಿ ಅವರು ಅಫೀಮಿನ ಕಲಬೆರಕೆಯನ್ನು ಹೇಳುತ್ತಾರೆ: ಈಜಿಪ್ಟಿನ ಅಫೀಮೆಂದು ಮಾರುವುದರಲ್ಲಿ ಬೇರೆ ಗಿಡಗಳ ರಸವನ್ನೂ ಅಂಟನ್ನೂ ಸೇರಿಸುತ್ತಿದ್ದರಂತೆ. ಅಫೀಮಿನಲ್ಲಿ ಬೇರೊಂದನ್ನು ಬೆರೆಸಿ ಮಾರುವ ಕೃತ್ಯವು ಎಂಟು ನೂರು ವರ್ಷಗಳಿಗೂ ಹಳೆಯದೆಂದ ಮೇಲೆ, ಅದನ್ನು ತಡೆಯುವ ಚಿಂತನೆಯೂ ಅಷ್ಟೇ ಹಳೆಯದು.

ಬೆರೆಸಿದ್ದರಿಂದ ಸಾವು ಸಂಭವಿಸಿದರೆ? ಖೈಬರ್‌ನಲ್ಲಿ ಪ್ರವಾದಿ(ಸ)ರಿಗೆ ಔತಣವಾಗಿ ಬಂದ ಮಾಂಸದಲ್ಲಿ ವಿಷವಿತ್ತು. ಅದನ್ನು ತಿಂದ ಬಿಶ್ರ್ ಬಿನ್ ಬರಾಅ್(ರ) ಮರಣ ಹೊಂದಿದರು. ವಿಷವಿಟ್ಟ ಮಹಿಳೆಯನ್ನು ಕ್ಷಮಿಸಲಾಯಿತೆಂದು ಒಂದು ವರದಿಯೂ, ಮರಣದಂಡನೆ ವಿಧಿಸಲಾಯಿತೆಂದು ಇನ್ನೊಂದು ವರದಿಯೂ ಇವೆ. ಪ್ರವಾದಿ(ಸ)ರು ತಮ್ಮ ಪಾಲಿನ ಅನ್ಯಾಯವನ್ನು ಮೊದಲು ಕ್ಷಮಿಸಿದರು, ಬಿಶ್ರ್(ರ) ಮೃತರಾದ ಬಳಿಕ ಕಿಸಾಸ್ ಜಾರಿಯಾಯಿತು ಎಂದು ಹಲವು ವಿದ್ವಾಂಸರು ಇವೆರಡನ್ನೂ ಹೊಂದಿಸಿದ್ದಾರೆ. ಇದನ್ನು ಆಧರಿಸಿ ಮಾಲಿಕೀ ವಿದ್ವಾಂಸರು ವಿಷವಿಟ್ಟವನಿಗೆ ಕೊಲೆಗಾರನ ಶಿಕ್ಷೆಯೇ ಸಲ್ಲುವುದೆಂದರು. ಹನಫೀ ವಿದ್ವಾಂಸರು ಇಲ್ಲಿ ಎಚ್ಚರ ವಹಿಸಿದರು: ವಿಷವನ್ನು ಬಲವಂತವಾಗಿ ಕುಡಿಸದೆ, ಸತ್ತವನು ತಾನಾಗಿಯೇ ಎತ್ತಿ ಕುಡಿದಿದ್ದರೆ ಕಿಸಾಸ್ ಇಲ್ಲ, ಆದರೆ ಕೊಟ್ಟವನು ಪಾರಾಗಲಾರ, ಅವನಿಗೆ ಸೆರೆಮನೆ ಮತ್ತು ತಅಝೀರ್ ಉಂಟು.

‘ಅವನೇ ಕೊಂಡ, ಅವನೇ ಕುಡಿದ, ಮಾರಿದವನು ಕೊಲೆಗಾರ ಹೇಗಾದಾನು?’ ಎಂಬುದು ಇಂದಿಗೂ ನ್ಯಾಯಾಲಯಗಳ ಮುಂದಿರುವ ಪ್ರಶ್ನೆ. ನಮ್ಮ ಫಿಕ್‌ಹ್ ಅದನ್ನು ಎದುರಿಸಿ ಎರಡು ಕಂಬಗಳನ್ನು ನೆಟ್ಟಿದೆ. ಗುಟ್ಟಾಗಿ ವಿಷವಿಟ್ಟವನು ಸುಮ್ಮನೆ ಬಿಟ್ಟುಬಿಡಬೇಕಾದವನಲ್ಲ. ಸಂಶಯವಿರುವಲ್ಲಿ ಪ್ರಾಣ ತೆಗೆಯುವ ಶಿಕ್ಷೆಗೆ ಆತುರಪಡಬಾರದು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನೆಲದ ಇತಿಹಾಸಕ್ಕೆ ಬರೋಣ.

ಬಾದಾಮಿಯ ಕೋಟೆಯಿಂದ ಸರ್ಕಾರದ ಪರವಾನಗಿಯವರೆಗೆ

ಬಾದಾಮಿಯ ಕೋಟೆ 1786ರಲ್ಲಿ ಮರಾಠರ ಮತ್ತು ನಿಝಾಮರ ಸೇನೆಗೆ ಬೀಳುವವರೆಗೆ ಟಿಪ್ಪು ಸುಲ್ತಾನರ ಕೈಯಲ್ಲಿತ್ತು. ಸುಲ್ತಾನರು ತಮ್ಮ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದ್ದರು. ಅದರಿಂದ ಬೊಕ್ಕಸಕ್ಕೆ ಆಗುವ ನಷ್ಟವನ್ನು ತಿಳಿದೇ ನಿಷೇಧಿಸಿದ್ದರು. 1818ರಲ್ಲಿ ಥಾಮಸ್ ಮನ್ರೋನ ಪಡೆ ಬಾದಾಮಿಯನ್ನು ಹಿಡಿಯಿತು. ಆ ಬಳಿಕ ಈ ಪ್ರದೇಶ ಮುಂಬೈ ಪ್ರಾಂತ್ಯಕ್ಕೆ ಸೇರಿ, ಮೊದಲು ಕಲಾದಗಿ, ನಂತರ ಬಿಜಾಪುರ ಜಿಲ್ಲೆಯಾಯಿತು. ಹೊಸ ಆಳರಸರಿಗೆ ಅಮಲು ಒಂದು ಆದಾಯ. ಚೀನಾದ ಮೇಲೆ ಎರಡು ಯುದ್ಧಗಳನ್ನು ಹೂಡಿ ಅಫೀಮಿನ ಮಾರುಕಟ್ಟೆಯನ್ನು ಗಳಿಸಿದವರು ಇಲ್ಲಿ ಅದನ್ನು ಹೇಗೆ ನಿಷೇಧಿಸಿಯಾರು?

1878ರ ಅಫೀಮು ಕಾಯ್ದೆ ಪರವಾನಗಿ ಇಲ್ಲದ ಅಫೀಮನ್ನು ಅಪರಾಧವೆಂದಿತು. ಶಿಕ್ಷೆ ಗರಿಷ್ಠ 1 ವರ್ಷದ ಸೆರೆ, ಅಥವಾ 1,000 ರೂಪಾಯಿ ದಂಡ, ಅಥವಾ ಎರಡೂ. ಕಾಯ್ದೆಯ ಕಾಳಜಿ ಸರ್ಕಾರದ ವರಮಾನವಾಗಿತ್ತೇ ಹೊರತು ಕುಡಿಯುವವನ ಜೀವವಲ್ಲ. ಹೊಲಗದ್ದೆಗೆ ಕೂಲಿಗೆ ಹೋಗುವ ತಾಯಂದಿರು ಅಳುವ ಮಗುವಿಗೆ ಅಫೀಮಿನ ಗುಳಿಗೆ ತಿನ್ನಿಸಿ ಮಲಗಿಸುವ ರೂಢಿ ಮುಂಬೈ ಪ್ರಾಂತ್ಯದಲ್ಲಿ ವ್ಯಾಪಕವಾಗಿತ್ತು. 1893ರಲ್ಲಿ ನೇಮಕವಾದ ಅಫೀಮಿನ ರಾಯಲ್ ಕಮಿಷನ್ ಇಂಥ ಸಾಕ್ಷ್ಯಗಳನ್ನೆಲ್ಲ ಕೇಳಿಯೂ, 1895ರಲ್ಲಿ ನಿಷೇಧದ ಅಗತ್ಯವಿಲ್ಲವೆಂದೇ ವರದಿಯಿತ್ತಿತು.

ಕಲಬೆರಕೆಯ ಕಾನೂನು ಇನ್ನೂ ವಿಚಿತ್ರವಾಗಿತ್ತು. 1860ರ ಭಾರತೀಯ ದಂಡ ಸಂಹಿತೆಯ 274 ಮತ್ತು 275ನೇ ಕಲಮುಗಳ ಪ್ರಕಾರ ಔಷಧಿಯನ್ನು ಹಾನಿಕರವಾಗುವಂತೆ ಕಲಬೆರಕೆ ಮಾಡಿದವನಿಗೂ ಅದನ್ನು ಮಾರಿದವನಿಗೂ ಗರಿಷ್ಠ 6 ತಿಂಗಳ ಸೆರೆ, 1,000 ರೂಪಾಯಿ ದಂಡ. ಅದೇ ಸಂಹಿತೆಯಲ್ಲಿ ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ ಸೆರೆಯಿತ್ತು. ನೆರೆಯವನ ಆಕಳನ್ನು ಕದ್ದವನಿಗೆ ಮೂರು ವರ್ಷ, ರೋಗಿಯ ಔಷಧಿಯಲ್ಲಿ ಕೇಡು ಬೆರೆಸಿದವನಿಗೆ ಆರು ತಿಂಗಳು! 2024ರ ಜುಲೈಯಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಔಷಧಿಯ ಕಲಬೆರಕೆಗೆ ಗರಿಷ್ಠ 1 ವರ್ಷ ಎಂದಾಯಿತು. ಆದರೆ ಅದಕ್ಕೂ ಮೊದಲೇ, ಔಷಧ ಮತ್ತು ಪ್ರಸಾಧನ ಕಾಯ್ದೆಗೆ 2008ರಲ್ಲಿ ಬಂದ ತಿದ್ದುಪಡಿ ಈ ಅಸಮತೋಲನವನ್ನು ಬಹುಮಟ್ಟಿಗೆ ಸರಿಪಡಿಸಿತ್ತು: ನಕಲಿ ಅಥವಾ ಕಲಬೆರಕೆ ಔಷಧಿಯಿಂದ ಸಾವು ಸಂಭವಿಸಿದರೆ 10 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೆ ವಿಸ್ತರಿಸಬಹುದಾದ ಸೆರೆ. ಈ ಸಂದರ್ಭದಲ್ಲಿ ಶಿಕ್ಷೆ ಕಠಿಣವಾದದ್ದು ನ್ಯಾಯವೇ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

1981 ಮತ್ತು 2008: ಕನ್ನಡನಾಡಿನ ಎರಡು ದುರಂತಗಳು

ಕರ್ನಾಟಕದಲ್ಲಿ ವಿಷ ಬೆರೆತ ಮಾದಕದ ಅತಿ ಭೀಕರ ಪ್ರಕರಣ ನಡೆದದ್ದು 1981ರ ಜುಲೈಯಲ್ಲಿ, ಬೆಂಗಳೂರಿನಲ್ಲಿ. ಅಗ್ಗದ ಮದ್ಯದಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆಸಲಾಗಿತ್ತು. 300ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬಹುತೇಕರು ಬಡ ಕೂಲಿಕಾರರು. ಮಿಥೈಲ್ ಆಲ್ಕೊಹಾಲ್ ಕಾರ್ಖಾನೆಗಳಲ್ಲಿ ಬಳಸುವ ದ್ರಾವಕ. ನೋಟಕ್ಕೆ ನೀರಿನಂತೆ ತಿಳಿ. ವಾಸನೆ, ರುಚಿಗಳಲ್ಲಿ ಸಾಮಾನ್ಯ ಮದ್ಯದಿಂದ ಬೇರ್ಪಡಿಸುವುದು ಕಷ್ಟ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು, ಬಳಿಕ ಪ್ರಾಣವನ್ನು ಕಸಿಯುತ್ತದೆ. ಬೆರೆಸಿದವನಿಗೆ ಲೀಟರಿನ ಮೇಲೆ ಸಿಕ್ಕಿದ್ದು ಕೆಲವು ರೂಪಾಯಿಗಳ ಲಾಭ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪೊಟ್ಟಣದ ಸಾರಾಯಿಯಿಂದ ಬೇಸತ್ತಿದ್ದ ನಮ್ಮ ಜಿಲ್ಲೆಯ ಮನೆಗಳಲ್ಲಿ, ನೇಕಾರರ ಓಣಿಗಳಲ್ಲಿ, ಕಲ್ಲುಗಣಿಯ ಕೂಲಿಗಳ ಗುಡಿಸಲುಗಳಲ್ಲಿ ಹೆಣ್ಣುಮಕ್ಕಳಿಗೆ ಅದು ನೆಮ್ಮದಿಯ ದಿನ. ಆದರೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರದಲ್ಲಿ, ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲೂ ಬೆರೆತದ್ದು ಮಿಥೈಲ್ ಆಲ್ಕೊಹಾಲ್. ನಿಷೇಧ ತಪ್ಪಾಗಿತ್ತೆಂದು ನಾವು ಇದರಿಂದ ತೀರ್ಮಾನಿಸುವುದಿಲ್ಲ. ಅಂಗಡಿಗೆ ಬೀಗ ಬಿದ್ದಿತು, ಚಟಕ್ಕೆ ಮದ್ದು ಸಿಗಲಿಲ್ಲ. ಆ ನಡುವಿನ ಖಾಲಿ ಜಾಗವನ್ನು ವಿಷ ಬೆರೆಸುವವನು ಆಕ್ರಮಿಸಿದ.

ಗಲ್ಲು ಬಂದಿತು, ಸಾವು ನಿಲ್ಲಲಿಲ್ಲ

ಇಂಥ ದುರಂತಗಳ ಬಳಿಕ ರಾಜ್ಯಗಳು ಶಿಕ್ಷೆಯನ್ನು ಹೆಚ್ಚಿಸಿವೆ. 1982ರಲ್ಲಿ ಕೇರಳದ ವೈಪಿನ್ ದ್ವೀಪದಲ್ಲಿ ವಿಷಮದ್ಯದಿಂದ 70ಕ್ಕೂ ಹೆಚ್ಚು ಮಂದಿ ಸತ್ತ ಬಳಿಕ ಅಲ್ಲಿನ ಅಬಕಾರಿ ಕಾಯ್ದೆಗೆ 57ಎ ಕಲಮು ಸೇರಿತು. ಮದ್ಯದಲ್ಲಿ ಹಾನಿಕರ ವಸ್ತು ಬೆರೆಸುವುದೇ ಒಂದು ಪ್ರತ್ಯೇಕ ಘೋರ ಅಪರಾಧವಾಯಿತು. ಆ ಕಲಮು ತನ್ನ ನಿರ್ದೋಷಿತ್ವವನ್ನು ತೋರಿಸುವ ಹೊರೆಯನ್ನೂ ಆರೋಪಿಯ ಮೇಲೆ ಹೊರಿಸಿತು. ಸುಪ್ರೀಮ್ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2009ರ ಜುಲೈಯಲ್ಲಿ ಅಹ್ಮದಾಬಾದಿನಲ್ಲಿ ನೂರಕ್ಕೂ ಹೆಚ್ಚು ಮಂದಿ ವಿಷಮದ್ಯಕ್ಕೆ ಬಲಿಯಾದಾಗ, ಗುಜರಾತ್ ವಿಧಾನಸಭೆ ವಿಷಮದ್ಯ ತಯಾರಿಸಿ ಸಾವಿಗೆ ಕಾರಣನಾದವನಿಗೆ ಮರಣದಂಡನೆಯವರೆಗೆ ಶಿಕ್ಷೆ ವಿಧಿಸುವ ತಿದ್ದುಪಡಿಯನ್ನು ಅಂಗೀಕರಿಸಿತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಅದೇ ತಿಂಗಳು ಅಲ್ಲಿನ ಸರ್ಕಾರ ಜೀವಾವಧಿ ಸೆರೆಯವರೆಗೆ ಶಿಕ್ಷೆಯನ್ನು ಏರಿಸಿತು.

ಗುಜರಾತಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಲ್ಲಿನ ಕಾನೂನು ಪುಸ್ತಕದಲ್ಲಿದ್ದಾಗಲೇ, 2022ರ ಜುಲೈಯಲ್ಲಿ, ಬೋಟಾದ್ ಜಿಲ್ಲೆ ಮತ್ತು ಅದರ ನೆರೆಯ ಹಳ್ಳಿಗಳಲ್ಲಿ 40ಕ್ಕೂ ಹೆಚ್ಚು ಮಂದಿ ವಿಷಮದ್ಯದಿಂದ ಸತ್ತರು. ಮಿಥೈಲ್ ಆಲ್ಕೊಹಾಲ್ ಕಾರ್ಖಾನೆಯ ದಾಸ್ತಾನಿನಿಂದ ಹೊರಬಿದ್ದು ಹಳ್ಳಿಯ ಭಟ್ಟಿಯವರೆಗೆ ತಲುಪಿತ್ತು. ಆ ದಾರಿಯಲ್ಲಿ ಒಬ್ಬ ಕಾವಲುಗಾರ ಎಚ್ಚರವಾಗಿದ್ದಿದ್ದರೆ ಅಷ್ಟು ಮನೆಗಳಲ್ಲಿ ಗೋಳಾಟ ಇರುತ್ತಿರಲಿಲ್ಲ. ಸಿಕ್ಕಿಬೀಳುವ ಭಯವಿಲ್ಲದವನಿಗೆ ಗಲ್ಲಿನ ಭಯವೂ ಇಲ್ಲ. ಶಿಕ್ಷೆಯ ಭಾರಕ್ಕಿಂತ ಶಿಕ್ಷೆಯ ಖಚಿತತೆ ದೊಡ್ಡದೆಂಬ ಮಾತು ಇಲ್ಲಿ ಹೆಣಗಳ ಲೆಕ್ಕದಲ್ಲಿ ರುಜುವಾತಾಗಿದೆ.

ಗ್ರಾಂ ಲೆಕ್ಕ ಮತ್ತು ಮಿಶ್ರಣದ ಲೆಕ್ಕ

ಇನ್ನು ಮಾದಕ ದ್ರವ್ಯಗಳ ವಿಷಯಕ್ಕೆ ಬರೋಣ. ಅಫೀಮಿನಿಂದ ಬಂದ ಮಾರ್ಫಿನ್, ಹೆರಾಯಿನ್‌ಗಳನ್ನೂ, ಅವುಗಳಂತೆಯೇ ಕೆಲಸಮಾಡುವ ಕೃತಕ ರಾಸಾಯನಿಕಗಳನ್ನೂ ಒಪಿಯಾಯ್ಡ್‌ಗಳೆಂದು ಕರೆಯುತ್ತಾರೆ. ಇವು ನೋವನ್ನು ತಗ್ಗಿಸುತ್ತವೆ. ಪ್ರಮಾಣ ಮೀರಿದರೆ ಉಸಿರಾಟವನ್ನೇ ನಿಲ್ಲಿಸುತ್ತವೆ. ಫೆಂಟನಿಲ್ ಎಂಬುದು ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಅಭ್ಯಾಸವಿಲ್ಲದವನ ಪ್ರಾಣ ತೆಗೆಯಲು 2 ಮಿಲಿಗ್ರಾಂ, ಅಂದರೆ ಉಪ್ಪಿನ ಕೆಲವೇ ಹರಳುಗಳಷ್ಟು, ಸಾಕಾಗಬಹುದು. ಅಮೆರಿಕದಲ್ಲಿ ಹೆರಾಯಿನ್‌ಗೂ ನಕಲಿ ಮಾತ್ರೆಗಳಿಗೂ ಇದನ್ನು ಬೆರೆಸಿ ಮಾರತೊಡಗಿದ ಮೇಲೆ, 2021ರ ಹೊತ್ತಿಗೆ ಮಾದಕದ ಅತಿಸೇವನೆಯಿಂದ ಸಾಯುವವರ ಸಂಖ್ಯೆ ವರ್ಷಕ್ಕೆ 1 ಲಕ್ಷವನ್ನು ದಾಟಿತು. ಮಾರಿದ ಮಾದಕದಿಂದ ಸಾವು ಸಂಭವಿಸಿದರೆ ಕನಿಷ್ಠ 20 ವರ್ಷ ಸೆರೆ ಎಂಬ ಕಾನೂನು ಅಲ್ಲಿ 1986ರಿಂದಲೇ ಇತ್ತು. 2014ರಲ್ಲಿ ಆ ದೇಶದ ಸುಪ್ರೀಮ್ ಕೋರ್ಟ್ ಇದಕ್ಕೊಂದು ಎಲ್ಲೆ ಹಾಕಿತು: ಈ ವ್ಯಕ್ತಿ ಮಾರಿದ ವಸ್ತು ಇಲ್ಲದಿದ್ದರೆ ಸಾವು ಸಂಭವಿಸುತ್ತಿರಲಿಲ್ಲವೆಂದು ಸಾಬೀತಾಗಬೇಕು. ಹನಫೀ ವಿದ್ವಾಂಸರ ಎಚ್ಚರಿಕೆಯ ನೆನಪಾಗುವುದಿಲ್ಲವೇ?

ನಮ್ಮ ದೇಶದಲ್ಲಿ 1878ರ ಅಫೀಮು ಕಾಯ್ದೆಯನ್ನು ರದ್ದುಗೊಳಿಸಿ 1985ರ ನವೆಂಬರ್ 14ರಂದು ಎನ್‌ಡಿಪಿಎಸ್ ಕಾಯ್ದೆ ಜಾರಿಯಾಯಿತು. ಶಿಕ್ಷೆ ಒಮ್ಮೆಲೇ 10ರಿಂದ 20 ವರ್ಷಕ್ಕೆ ಏರಿತು. 1989ರಲ್ಲಿ, ಕೆಲವು ದೊಡ್ಡ ಅಪರಾಧಗಳನ್ನು ಎರಡನೆಯ ಬಾರಿ ಮಾಡಿದವನಿಗೆ ಕಡ್ಡಾಯ ಮರಣದಂಡನೆಯೂ ಬಂದಿತು. ಆಮೇಲೆ ಶಾಸನವೇ ತನ್ನ ತೂಕವನ್ನು ಮರುಪರಿಶೀಲಿಸಿತು. ಕಿಸೆಯಲ್ಲಿ ಚಿಟಿಕೆ ಇಟ್ಟುಕೊಂಡ ವ್ಯಸನಿಗೂ ಲಾರಿಗಟ್ಟಲೆ ಸಾಗಿಸುವವನಿಗೂ ಒಂದೇ ಶಿಕ್ಷೆ ಸಲ್ಲದೆಂದು 2001ರಲ್ಲಿ ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂಬ ವಿಂಗಡಣೆ ಮಾಡಲಾಯಿತು: ಹೆರಾಯಿನ್‌ಗೆ 5 ಗ್ರಾಂ ಅಲ್ಪ, 250 ಗ್ರಾಂ ವಾಣಿಜ್ಯ, ಗಾಂಜಾಕ್ಕೆ 1 ಕಿಲೋ ಅಲ್ಪ, 20 ಕಿಲೋ ವಾಣಿಜ್ಯ. 2011ರಲ್ಲಿ ಬಾಂಬೆ ಹೈಕೋರ್ಟ್, ನ್ಯಾಯಾಧೀಶನ ವಿವೇಚನೆಗೆ ಜಾಗವಿಲ್ಲದ ಕಡ್ಡಾಯ ಗಲ್ಲನ್ನು ಒಪ್ಪಲಿಲ್ಲ. 2014ರಲ್ಲಿ ಸಂಸತ್ತು ಅದನ್ನು ಐಚ್ಛಿಕಗೊಳಿಸಿತು.

ಮಿಶ್ರಣದ ಪ್ರಶ್ನೆಯೂ ನ್ಯಾಯಾಲಯಕ್ಕೆ ಬಂದಿತು. ಪುಡಿಯಲ್ಲಿ ಶುದ್ಧ ಮಾದಕ ಎಷ್ಟಿದೆಯೋ ಅಷ್ಟನ್ನೇ ತೂಗಬೇಕೆಂದು 2008ರಲ್ಲಿ ಸುಪ್ರೀಮ್ ಕೋರ್ಟಿನ ಒಂದು ಪೀಠ ಹೇಳಿತ್ತು. ಬೆರಕೆ ಹೆಚ್ಚಾದಷ್ಟೂ ಶಿಕ್ಷೆ ಕಡಿಮೆಯಾಗುವ ವಿಪರೀತಕ್ಕೆ ಅದು ದಾರಿ ಮಾಡಿಕೊಟ್ಟಿತು. 2009ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಇಡೀ ಮಿಶ್ರಣವನ್ನೇ ತೂಗಬೇಕೆಂದಿತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಸ್ಥಿರಪಡಿಸಿತು. ಒದ್ದೆ ಧಾನ್ಯವನ್ನು ರಾಶಿಯೊಳಗೆ ಬಚ್ಚಿಟ್ಟವನಿಗೆ ಒಣಗಿದ ಧಾನ್ಯದ ನೆಪ ಹೇಳಲು ಎಡೆಯಿಲ್ಲವಷ್ಟೆ.

ಈ ವಿಪತ್ತು ಅಮೆರಿಕದ್ದು, ನಮಗೇನು ಎನ್ನುವಂತಿಲ್ಲ. ಟ್ರಮಡಾಲ್ ಎಂಬ ನೋವಿನ ಮಾತ್ರೆಯ ದುರುಪಯೋಗ ಎಷ್ಟು ಹೆಚ್ಚಿತೆಂದರೆ 2018ರಲ್ಲಿ ಅದನ್ನೂ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತರಬೇಕಾಯಿತು. ಟಪೆಂಟಡಾಲ್ ಎಂಬ ಒಪಿಯಾಯ್ಡ್‌ಗೆ ಸ್ನಾಯು ಸಡಿಲಿಸುವ ಇನ್ನೊಂದು ಔಷಧಿಯನ್ನು ಬೆರೆಸಿದ ಮಾತ್ರೆಗಳು ಭಾರತದ ಕಾರ್ಖಾನೆಯಿಂದಲೇ ಘಾನಾ, ನೈಜೀರಿಯಾಗಳ ಬೀದಿಗಳಿಗೆ ತಲುಪುತ್ತಿದ್ದವು. 2025ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದ ಬಳಿಕವೇ ಆ ಮಿಶ್ರಣದ ತಯಾರಿಕೆಗೂ ರಫ್ತಿಗೂ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಡೆ ಹಾಕಿತು. ನಮ್ಮ ದೇಶದಲ್ಲಿ ತಯಾರಾದ ವಿಷ ಯಾರದೋ ದೇಶದ ತಾಯಿಯ ಮಗನನ್ನು ಕೊಂದಿತು. ಅದರ ಹಣವನ್ನು ಉಂಡವರು ಆ ಹತ್ತು ಮಂದಿಯ ಪಟ್ಟಿಯಲ್ಲಿ ಇದ್ದೇ ಇದ್ದಾರೆ. ಎನ್‌ಡಿಪಿಎಸ್ ಕಾಯ್ದೆಯ 27ಎ ಕಲಮು ಈ ವ್ಯಾಪಾರಕ್ಕೆ ಹಣ ಹೂಡುವವನಿಗೂ ಅಪರಾಧಿಗೆ ಆಸರೆ ಕೊಡುವವನಿಗೂ 10ರಿಂದ 20 ವರ್ಷದ ಸೆರೆಯನ್ನು ವಿಧಿಸುತ್ತದೆ. ನಮ್ಮ ಕೂಗು ಏರಬೇಕಾದದ್ದು ಈ ಕಲಮಿನ ಜಾರಿಗಾಗಿ.

ತೂಕ ತಪ್ಪಿದ ಶಿಕ್ಷೆ

ಕಾಠಿಣ್ಯ ತಪ್ಪು ಬಾಗಿಲನ್ನು ಮುಚ್ಚಿದ ಉದಾಹರಣೆಯೂ ಇದೇ ಕಾಯ್ದೆಯಲ್ಲಿದೆ. 1985ರ ಬಳಿಕ ಪರವಾನಗಿಯ ಜಂಜಾಟಕ್ಕೂ ಹತ್ತು ವರ್ಷದ ಸೆರೆಯ ಭಯಕ್ಕೂ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳು ನೋವಿನಿಂದ ನರಳಿ ಸತ್ತರು. ಕಳ್ಳಸಾಗಣೆದಾರನಿಗೆಂದು ಎತ್ತಿದ ಕೋಲು ರೋಗಿಯ ಮೇಲೆ ಬಿದ್ದಿತ್ತು. 2014ರಲ್ಲಿ ‘ಅಗತ್ಯ ಮಾದಕ ಔಷಧ’ಗಳೆಂಬ ವರ್ಗವನ್ನು ಸೃಷ್ಟಿಸಿ ಆ ತಪ್ಪನ್ನು ತಿದ್ದಲು ಸುಮಾರು ಮೂವತ್ತು ವರ್ಷಗಳೇ ಬೇಕಾದವು. ಶಿಕ್ಷೆ ಹೆಚ್ಚಿಸಿರೆಂದು ಒತ್ತಾಯಿಸುವ ಮುನ್ನ ಆ ಕೋಲು ಯಾರ ಮೇಲೆ ಬೀಳಲಿದೆ ಎಂದು ಕೇಳುವುದು ದೌರ್ಬಲ್ಯವಲ್ಲ, ನ್ಯಾಯಪ್ರಜ್ಞೆ.

ನಮ್ಮ ಮನೆಗಳ ಬಾಗಿಲು

ಮದೀನಾದಲ್ಲಿ ಅಬ್ದುಲ್ಲಾಹ್ ಎಂಬೊಬ್ಬರಿದ್ದರು. ಜನ ಅವರನ್ನು ಹಿಮಾರ್ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಪ್ರವಾದಿ(ಸ)ರನ್ನು ನಗಿಸುತ್ತಿದ್ದವರು ಅವರು. ಕುಡಿತಕ್ಕಾಗಿ ಮತ್ತೆ ಮತ್ತೆ ಹಿಡಿದು ತರಲ್ಪಟ್ಟರು, ಶಿಕ್ಷೆಯನ್ನೂ ಅನುಭವಿಸಿದರು. ಒಮ್ಮೆ ಯಾರೋ ಅವರನ್ನು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷಿ ನುಡಿದರು. ಸಹೀಹ್ ಬುಖಾರಿಯಲ್ಲಿರುವ ಈ ಹದೀಸನ್ನು ಹತ್ತು ಮಂದಿಯ ಹದೀಸಿನೊಂದಿಗೆ ಇಟ್ಟು ಓದಬೇಕು. ಕೃತ್ಯದ ಮೇಲೆ ಶಾಪವಿದೆ. ಕಣ್ಣೆದುರು ನಿಂತ ವ್ಯಸನಿಯನ್ನು ಸಮುದಾಯದಿಂದ ಹೊರಗೆ ತಳ್ಳಲು ಅಪ್ಪಣೆಯಿಲ್ಲ.

ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಮಾತ್ರೆ ಮಾರುವವನು ಯಾರೆಂದು ಮೊಹಲ್ಲಾಕ್ಕೆಲ್ಲ ಗೊತ್ತು; ಅವನು ನಮ್ಮವನೆಂದೋ, ಚಂದಾ ಕೊಡುವವನೆಂದೋ, ನಮಗೇಕೆ ಉಸಾಬರಿ ಎಂದೋ ಸುಮ್ಮನಿರುತ್ತೇವೆ. ಚಟಕ್ಕೆ ಬಿದ್ದ ಹುಡುಗನನ್ನು ಮಾತ್ರ ಶಪಿಸುತ್ತೇವೆ. ಅವನ ತಾಯ್ತಂದೆಯರು ಅಕ್ಕ-ತಂಗಿಯರ ನಿಕಾಹ್‌ಗೆ ತೊಡಕಾದೀತೆಂದು ವಿಷಯವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕೋಣೆಯಲ್ಲಿ ಹುಡುಗನ ಉಸಿರು ನಿಲ್ಲುವ ರಾತ್ರಿಯೂ ಪೊಲೀಸರ ಭಯದಿಂದ, ನೆರೆಯವರ ಭಯದಿಂದ ಆಂಬುಲೆನ್ಸ್ ಕರೆಯಲು ಹಿಂಜರಿಯುತ್ತಾರೆ. ಒಪಿಯಾಯ್ಡ್‌ನಿಂದ ನಿಂತ ಉಸಿರನ್ನು ಮರಳಿಸುವ ನಾಲೊಕ್ಸೋನ್ ಎಂಬ ಚುಚ್ಚುಮದ್ದು ಇದೆ. ಆದರೆ ಅದು ಕೆಲಸಮಾಡುವುದು ಕೆಲವೇ ನಿಮಿಷಗಳೊಳಗೆ ಆಸರೆ ಸಿಕ್ಕಿದರೆ. ಅಂಥ ರಾತ್ರಿ 108ಕ್ಕೆ ಕರೆ ಮಾಡುವುದು ಮನೆತನದ ಮರ್ಯಾದೆಗಿಂತ ದೊಡ್ಡ ಫರ್ಝ್.

ಕಾಯ್ದೆಯೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ನಮ್ಮ ಬಹುತೇಕ ಕುಟುಂಬಗಳಿಗೆ ಅದು ತಿಳಿದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆ ಹೋಗಬಹುದು. ನಮ್ಮ ಜಿಲ್ಲೆಯವರಿಗೆ ಧಾರವಾಡದ ಡಿಮ್ಹಾನ್ಸ್ ದೂರವಲ್ಲ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದುಶ್ಚಟ ಬಿಡಿಸಲು ಸರ್ಕಾರದ ಉಚಿತ ಸಹಾಯವಾಣಿ 14446. ಪ್ರತಿ ಮಸೀದಿಯ ಗೋಡೆಯ ಮೇಲೆ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನೂ ಬರೆಯುವುದು ಜಮಾಅತ್‌ಗಳಿಗೆ ಕಷ್ಟದ ಕೆಲಸವಲ್ಲ. ಚಟದಿಂದಲೇ ಸತ್ತ ಮುಸ್ಲಿಮನ ಜನಾಝಾ ನಮಾಝನ್ನೂ ನಾವು ಬಿಡುವಂತಿಲ್ಲ. ಹಾಗಿರುವಾಗ ಅವನು ಬದುಕಿರುವಾಗಲೇ ಸಫ್‌ನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಡಲು ನಮಗೇಕೆ ಸಂಕೋಚ?

ಆದ್ದರಿಂದ ವಿಷ ಬೆರೆಸುವವನಿಗೂ, ಅದಕ್ಕೆ ಹಣ ಹೂಡುವವನಿಗೂ, ಗೊತ್ತಿದ್ದೂ ಮಾರುವವನಿಗೂ ಕಠಿಣ ಶಿಕ್ಷೆಯಾಗಲೆಂದು ನಾವು ಒತ್ತಾಯಿಸೋಣ. ಅದು ಸಾಕ್ಷ್ಯದೊಂದಿಗೆ ಆಗಲಿ, ಖಚಿತವಾಗಿ ಆಗಲಿ, ಮೇಲಿನವನನ್ನು ಬಿಟ್ಟು ಹೊರೆ ಹೊತ್ತ ಹುಡುಗನ ಮೇಲೆ ಮಾತ್ರ ಬೀಳದಿರಲಿ. ಮಾರುವವನ ಬಗ್ಗೆ ತಿಳಿದದ್ದನ್ನು ಮುಚ್ಚಿಡದಿರೋಣ; ಸಾಕ್ಷ್ಯವನ್ನು ಮುಚ್ಚಿಡುವ ಹೃದಯ ಪಾಪಿಷ್ಠವೆಂದು ಕುರ್‌ಆನ್ ಎಚ್ಚರಿಸಿದೆ. ಚಟಕ್ಕೆ ಬಿದ್ದವನಿಗೆ ಮಾತ್ರ ನಮ್ಮ ಮನೆ, ಮಸೀದಿ, ಆಸ್ಪತ್ರೆಗಳ ಬಾಗಿಲು ತೆರೆದಿರಲಿ. ಹಝ್ರತ್ ಉಮರ್(ರ) ಸುಟ್ಟದ್ದು ಮಾರುವವನ ಮನೆಯನ್ನು, ಕುಡಿಯುವವನ ಮನೆಯನ್ನಲ್ಲ.

ಅಲ್ಲಾಹನು ನಮ್ಮ ಮಕ್ಕಳನ್ನು ಈ ವಿಷದಿಂದ ಕಾಪಾಡಲಿ, ಚಟದಲ್ಲಿ ಸಿಲುಕಿದವರಿಗೆ ತೌಬಾದ ದಾರಿಯನ್ನೂ ಗುಣಮುಖವಾಗುವ ಭಾಗ್ಯವನ್ನೂ ಕರುಣಿಸಲಿ, ನ್ಯಾಯದ ತಕ್ಕಡಿಯನ್ನು ಸರಿಯಾಗಿ ಹಿಡಿಯುವ ಶಕ್ತಿಯನ್ನು ನಮಗೆ ದಯಪಾಲಿಸಲಿ. ಆಮೀನ್.